ಆ ಮನೆಯಲ್ಲಿ ನಾವು ಬಾಳಿದ 14 ವರ್ಷ ಯಾವ ಲೆಕ್ಕಕ್ಕೂ ಇಲ್ವಾ? ಹಣಕಾಸು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕೇಂದ್ರ ಹಣಕಾಸು ಸಚಿವರಿಗೆ ಮತ್ತು ನೇರ ತೆರಿಗೆಗಳ ಕೇಂದ್ರ ಮಂಡಳಿಯ ಅಧಿಕಾರಿಗಳಿಗೆ,

ನಮಸ್ಕಾರ.

ಕಳೆದ ವರ್ಷ ನಮ್ಮ ಅಮ್ಮ ತಮ್ಮ ಮನೆ ಮಾರಿದರು. ಅವರಿಗೆ ಈಗ 74 ವರ್ಷ. ಆ ಮನೆ ಬಿಟ್ಟರೆ ಅವರ ಹೆಸರಲ್ಲಿ ಬೇರೆ ಆಸ್ತಿ ಏನೂ ಇಲ್ಲ. 2004ರಲ್ಲಿ, ಮುದ್ರಾಂಕ ಶುಲ್ಕ, ನೋಂದಣಿ ಖರ್ಚು ಎಲ್ಲ ಸೇರಿ 12 ಲಕ್ಷ ರೂಪಾಯಿಗೆ ಕೊಂಡಿದ್ದು. ಅಪ್ಪ ಹಟ ಹಿಡಿದು ಅಮ್ಮನ ಹೆಸರಿಗೇ ನೋಂದಣಿ ಮಾಡಿಸಿದ್ದರು. 14 ವರ್ಷ ಅಲ್ಲೇ ಇದ್ದೆವು. 2018ರಲ್ಲಿ ಅಪ್ಪ ಹೋದರು. ಒಬ್ಬರೇ ಇರುವುದು ಆಗಲ್ಲ ಅಂತ ಅಮ್ಮ ನಮ್ಮ ಜೊತೆ ಬಂದರು, ಮನೆಯನ್ನು ಬಾಡಿಗೆಗೆ ಕೊಟ್ಟೆವು. ಹೀಗೆ 7 ವರ್ಷ. ಆಮೇಲೆ ಅಮ್ಮನನ್ನು ನೋಡಿಕೊಳ್ಳಲು ದಿನಪೂರ್ತಿ ಒಬ್ಬರು ಬೇಕಾದರು, ಔಷಧಿ ಖರ್ಚು ಏರಿತು. ಬಾಡಿಗೆ ಸಾಲದಾಯಿತು. 90 ಲಕ್ಷಕ್ಕೆ ಮಾರಿದೆವು.

ಇಂಥ ಕಥೆ ಮನೆಮನೆಯಲ್ಲೂ ಇದೆ ಅಂತ ನನಗೆ ಗೊತ್ತು. ಅದಕ್ಕೇ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿ, ಫೋಟೋ ತೆಗೆಸಿಕೊಂಡು, ಹೊರಗೆ ಬೆಂಚಿನ ಮೇಲೆ ಕೂತಾಗ ಅಮ್ಮ ಡಿ.ಡಿ.ಯನ್ನು ಕನ್ನಡಕದ ಹತ್ತಿರ ಹಿಡಿದು ಓದಿದರು. 89,10,000. "ಮಾತಾಡಿದ್ದು ತೊಂಬತ್ತು, ಇದರಲ್ಲಿ ತೊಂಬತ್ತು ಸಾವಿರ ಕಮ್ಮಿ ಇದೆಯಲ್ಲ?" ಅಂದರು. ಆಸ್ತಿಯ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೊಳ್ಳುವವರು ಶೇ. 1ರಷ್ಟು ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಅದು ನಿಮ್ಮ ಪ್ಯಾನ್ ಲೆಕ್ಕಕ್ಕೇ ಸೇರುತ್ತೆ, ಕೊನೆಗೆ ಕಟ್ಟುವ ತೆರಿಗೆಯಲ್ಲಿ ಅಷ್ಟು ಕಳೆಯುತ್ತೆ ಅಂತ ವಿವರಿಸಿದೆ. "ಹಾಗಾದ್ರೆ ಇನ್ನೂ ಕಟ್ಟೋದಿದೆಯಾ?" ಅಂದರು. ಇದೆ ಅಂದೆ. ಎಷ್ಟು ಅಂತ ಆವತ್ತು ಹೇಳಲಿಲ್ಲ.

ಲೆಕ್ಕ ಹೀಗಿದೆ. 90 ಲಕ್ಷದಲ್ಲಿ 12 ಲಕ್ಷ ಕಳೆದರೆ ಲಾಭ 78 ಲಕ್ಷ. ಹೊಸ ದರದಲ್ಲಿ, ಅಂದರೆ ಹಣದುಬ್ಬರದ ಲೆಕ್ಕ ಹಿಡಿಯದೆ ಶೇ. 12.5 ಹಾಕಿದರೆ 9.75 ಲಕ್ಷ. ಹಳೆಯ ಲೆಕ್ಕದಲ್ಲಿ, ಅಂದರೆ ಕೊಂಡ ಬೆಲೆಯನ್ನು ಹಣದುಬ್ಬರದ ಸೂಚ್ಯಂಕದಿಂದ ಏರಿಸಿ, ಉಳಿದ ಲಾಭದ ಮೇಲೆ ಶೇ. 20 ಹಾಕಿದರೆ, ಸುಮಾರು 10.01 ಲಕ್ಷ. ಅಮ್ಮ 2024ರ ಜುಲೈ 23ಕ್ಕೆ, ಅಂದರೆ ಹೊಸ ದರ ಬಂದ ದಿನಕ್ಕೆ, ಮುಂಚೆ ಮನೆ ಕೊಂಡವರು, ಈ ದೇಶದ ನಿವಾಸಿ. ಹಾಗಾಗಿ ಎರಡರಲ್ಲಿ ಯಾವುದು ಕಮ್ಮಿಯೋ ಅದು ಸಾಕು. ಅಂದರೆ 9.75 ಲಕ್ಷ. ಇಲ್ಲಿಗೆ ಮುಗಿಯಲಿಲ್ಲ. ಈ ಲಾಭ ಸೇರಿ ಆ ಒಂದು ವರ್ಷದ ಮಟ್ಟಿಗೆ ಅವರ ಒಟ್ಟು ಆದಾಯ 50 ಲಕ್ಷ ದಾಟಿತಲ್ಲ, ಅದಕ್ಕೆ ತೆರಿಗೆಯ ಮೇಲೆ ಶೇ. 10 ಸರ್ಚಾರ್ಜ್. ಅದೆಲ್ಲದರ ಮೇಲೆ ಶೇ. 4 ಸೆಸ್. ಮನೆ ಮಾರಿದ್ದಕ್ಕೇ ಒಟ್ಟು 11,15,400 ರೂಪಾಯಿ.

ಬದುಕಿನಲ್ಲಿ ಒಂದೇ ಒಂದು ಸಲ, ಒಂದೇ ಒಂದು ಮನೆ ಮಾರಿದ ವಿಧವೆ ಪಿಂಚಣಿದಾರರು, ಪ್ರತಿ ವರ್ಷ 50 ಲಕ್ಷದ ಮೇಲೆ ದುಡಿಯುವವರ ಸಾಲಿಗೆ ಸೇರಿಬಿಟ್ಟರು. 21 ವರ್ಷದಲ್ಲಿ ನಿಧಾನಕ್ಕೆ ಬೆಳೆದ ಬೆಲೆಯನ್ನು ಒಂದೇ ವರ್ಷದ ಸಂಪಾದನೆ ಅಂತ ನೋಡಿ ಸರ್ಚಾರ್ಜ್ ಹಾಕುವುದು ಸರಿಯಾ? ನನಗೆ ಖಂಡಿತ ಸರಿ ಅನ್ನಿಸುವುದಿಲ್ಲ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮಗೂ ಈ ಗೊಂದಲ ಇತ್ತು. ಮನೆ ಬಾಡಿಗೆಗೆ ಕೊಟ್ಟಿದ್ದರೆ ಮಾರುವಾಗ ಜಾಸ್ತಿ ತೆರಿಗೆ, ಲಾಭದಲ್ಲಿ ಇನ್ನೊಂದು ಮನೆ ಕೊಂಡರೆ ತೆರಿಗೆ ಬಿಡುವ ಸೆಕ್ಷನ್ 54ರ ವಿನಾಯಿತಿಯೂ ಸಿಗಲ್ಲ ಅಂತ ಪರಿಚಯದವರೊಬ್ಬರು ಹೆದರಿಸಿದ್ದರು. ಅದು ತಪ್ಪು. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 54ಕ್ಕೆ ಅದು ವಾಸದ ಮನೆಯಾಗಿದ್ದರೆ ಸಾಕು, 24 ತಿಂಗಳಿಗಿಂತ ಜಾಸ್ತಿ ಕೈಯಲ್ಲಿದ್ದಿರಬೇಕು ಅಷ್ಟೇ. ನೀವೇ ಇದ್ದಿರಾ, ಬಾಡಿಗೆಗೆ ಕೊಟ್ಟಿದ್ದಿರಾ ಅಂತ ಕಾನೂನು ಕೇಳುವುದಿಲ್ಲ. ಬಾಡಿಗೆ ಕೊಟ್ಟವರಿಗೆ ಅದು ಒಳ್ಳೆಯದೇ.

ಆದರೆ ಕೇಳದೇ ಇರುವುದರ ಇನ್ನೊಂದು ಮುಖ ನೋಡಿ. ಬಾಡಿಗೆ ಕೊಟ್ಟ 7 ವರ್ಷವನ್ನು ಕಾನೂನು ಹೇಗೆ ಕೇಳುವುದಿಲ್ಲವೋ, ನಾವು ಬಾಳಿದ 14 ವರ್ಷವನ್ನೂ ಹಾಗೇ ಕೇಳುವುದಿಲ್ಲ. ದುಡ್ಡು ಹಾಕಿ ಬೆಲೆ ಏರಲಿ ಅಂತ ಬೀಗ ಜಡಿದು ಇಟ್ಟಿದ್ದ ಫ್ಲಾಟ್ ಆದರೂ ಅಷ್ಟೇ, ಮಕ್ಕಳು ಓದಿ ದೊಡ್ಡವರಾದ ಮನೆ ಆದರೂ ಅಷ್ಟೇ. ತೆರಿಗೆ ಉಳಿಸಲು ಇರುವ ದೊಡ್ಡ ದಾರಿ ಒಂದೇ, ಇನ್ನೊಂದು ಮನೆ ಕೊಳ್ಳುವುದು. ಮಾರುವ ಒಂದು ವರ್ಷ ಮುಂಚೆ ಅಥವಾ ಮಾರಿದ ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟಿಸುವುದಾದರೆ ಮೂರು ವರ್ಷ. ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಹಣ ಖರ್ಚಾಗಿರದಿದ್ದರೆ ಅದನ್ನು ಬಂಡವಾಳ ಲಾಭದ ವಿಶೇಷ ಖಾತೆಗೆ ಹಾಕಬೇಕು. ಕೊಂಡ ಮನೆಯನ್ನು ಮೂರು ವರ್ಷ ಮಾರುವ ಹಾಗಿಲ್ಲ.

ಅಮ್ಮನ ವಿಷಯ ಗೊತ್ತಾದವರೆಲ್ಲ ಕೊಟ್ಟ ಸಲಹೆ ಒಂದೇ. "ಸುಮ್ನೆ ಯಾಕೆ ಹನ್ನೊಂದು ಲಕ್ಷ ಕಟ್ಟುತ್ತೀರಿ? 78 ಲಕ್ಷಕ್ಕೆ ಒಂದು ಫ್ಲಾಟ್ ತಗೊಂಡು ಬಾಡಿಗೆಗೆ ಬಿಡಿ, ಒಂದು ಪೈಸೆ ತೆರಿಗೆ ಇಲ್ಲ." ಅವರ ಮಾತು ಕಾನೂನಿನ ಪ್ರಕಾರ ನೂರಕ್ಕೆ ನೂರು ಸರಿ. ಹೊಸ ಮನೆಯಲ್ಲಿ ಅಮ್ಮ ಹೋಗಿ ಇರಲೇಬೇಕು ಅಂತಲೂ ಇಲ್ಲ.

ಸ್ವಲ್ಪ ಯೋಚಿಸಿ ಮೇಡಂ. 74 ವರ್ಷದವರು ಮತ್ತೆ ಫ್ಲಾಟ್ ಹುಡುಕಬೇಕು, ಮತ್ತೆ ಮುದ್ರಾಂಕ ಶುಲ್ಕ ಕಟ್ಟಬೇಕು, ಮತ್ತೆ ಬಾಡಿಗೆದಾರರು, ಅಗ್ರಿಮೆಂಟು, ಸೋರುವ ಟ್ಯಾಂಕು, ಬಿಟ್ಟು ಹೋಗುವಾಗ ಅಡ್ವಾನ್ಸ್ ವಾಪಸ್ ಕೊಡುವ ತಲೆನೋವು. ಯಾವ ಕಾರಣಕ್ಕೆ ಮನೆ ಮಾರಿದರೋ ಆ ಕಾರಣಕ್ಕೆ ಕೈಯಲ್ಲಿ ಹಣವೇ ಇರುವುದಿಲ್ಲ. ಹಾಗೆ ಮಾಡಿದರೆ ತೆರಿಗೆ ಸೊನ್ನೆ. ಅದೇ ಹಣದಿಂದ ನೋಡಿಕೊಳ್ಳುವವರ ಸಂಬಳ ಕೊಟ್ಟು, ಔಷಧಿ ಕೊಂಡು, ಯಾರ ಮುಂದೆಯೂ ಕೈ ಚಾಚದೆ ಇದ್ದರೆ 11 ಲಕ್ಷ. ವೃದ್ಧರ ವಸತಿಗೆ ಸೇರಿಕೊಂಡು ಅಲ್ಲಿ ಲಕ್ಷಗಟ್ಟಲೆ ಠೇವಣಿ ಕಟ್ಟಿದರೂ ಅದು ಮನೆ ಕೊಂಡ ಹಾಗೆ ಆಗುವುದಿಲ್ಲ. ಮನೆ ಬೇಡವಾದ ವಯಸ್ಸಿನಲ್ಲಿ ಮನೆ ಕೊಳ್ಳಿ ಅನ್ನುವ ಕಾನೂನು ಇದು. ನನ್ನ ತಕರಾರು ಇರುವುದು ಇಲ್ಲೇ.

ಬಾಂಡ್ ಇದೆಯಲ್ಲ ಅಂತ ನೀವು ಕೇಳಬಹುದು. ಹೌದು, ಸೆಕ್ಷನ್ 54ಇಸಿ ಇದೆ. ಮಾರಿದ ಆರು ತಿಂಗಳೊಳಗೆ ಆರ್‌ಇಸಿ, ಪಿಎಫ್‌ಸಿ, ಐಆರ್‌ಎಫ್‌ಸಿ ಥರದ ಸರ್ಕಾರಿ ಸಂಸ್ಥೆಗಳ ಬಾಂಡಿಗೆ ಹಾಕಿದರೆ ಅಷ್ಟು ಲಾಭಕ್ಕೆ ತೆರಿಗೆ ಇಲ್ಲ. ಆಡಿಟರ್ ಅರ್ಜಿಯನ್ನೂ ತಂದುಕೊಟ್ಟಿದ್ದರು. ಮೊದಲು ಮೂರು ವರ್ಷ ಇದ್ದ ಅವಧಿ 2018ರಿಂದ ಐದು ವರ್ಷ ಆಗಿದೆ. ನಡುವೆ ಮಾರುವ ಹಾಗಿಲ್ಲ, ಅಡ ಇಟ್ಟು ಸಾಲ ತೆಗೆಯುವ ಹಾಗೂ ಇಲ್ಲ. ಬಡ್ಡಿ ಶೇ. 5.25, ಅದಕ್ಕೂ ತೆರಿಗೆ. ಹಿರಿಯ ನಾಗರಿಕರಿಗೆ ಬ್ಯಾಂಕಿನ ಠೇವಣಿಯಲ್ಲಿ ಅದಕ್ಕಿಂತ ಜಾಸ್ತಿ ಸಿಗುತ್ತೆ, ಹಾಗಾಗಿ ಉಳಿಸಿದ ತೆರಿಗೆಯಲ್ಲಿ ಒಳ್ಳೆಯ ಪಾಲು ಬಡ್ಡಿಯ ನಷ್ಟದಲ್ಲೇ ಹೋಗುತ್ತೆ. ಅಮ್ಮ ಅರ್ಜಿ ಕೈಯಲ್ಲಿ ಹಿಡಿದು ಕೇಳಿದ್ದು ಒಂದೇ ಪ್ರಶ್ನೆ. "ನಾಳೆ ಆಸ್ಪತ್ರೆಗೆ ಸೇರಿಸಬೇಕಾದರೆ ಇದನ್ನು ಮುರಿಸಬಹುದಾ?" ಇಲ್ಲ ಅಂದೆವು. ಅರ್ಜಿ ವಾಪಸ್ ಕೊಟ್ಟರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಈ ಬಾಂಡಿನ ಮಿತಿ 50 ಲಕ್ಷ. ಇದನ್ನು ಹಾಕಿದ್ದು 2007ರಲ್ಲಿ. ಆಮೇಲೆ ಏರಿಸಿಲ್ಲ. ನಿಮ್ಮ ಇಲಾಖೆಯೇ ಪ್ರತಿ ವರ್ಷ ಹೊರಡಿಸುವ ಹಣದುಬ್ಬರ ಸೂಚ್ಯಂಕ 2007-08ರಲ್ಲಿ 129 ಇತ್ತು, 2025-26ರಲ್ಲಿ 376. ಆ ಲೆಕ್ಕ ಹಿಡಿದರೆ 2007ರ 50 ಲಕ್ಷ ಅಂದರೆ ಈಗ 1 ಕೋಟಿ 45 ಲಕ್ಷಕ್ಕೂ ಸ್ವಲ್ಪ ಜಾಸ್ತಿ. ಮನೆಯ ಬೆಲೆ ಏರಿದ್ದನ್ನು ಲಾಭ ಅಂತ ಹಿಡಿಯುವಾಗ 2025 ಬೇಕು, ವಿನಾಯಿತಿ ಕೊಡುವಾಗ 2007 ಸಾಕು ಅಂದರೆ ಹೇಗೆ?

ಇನ್ನು ನೋಟ್‌ಬುಕ್ಕಿನ ಕಥೆ. ಇದನ್ನು ಹೇಳದೆ ಇರಲಾರೆ.

2011ರಲ್ಲಿ ಮಹಡಿಯ ಮೇಲೆ ಒಂದು ರೂಮು, ಬಾತ್‌ರೂಮು ಕಟ್ಟಿಸಿದ್ದೆವು. ಹೆಚ್ಚುಕಮ್ಮಿ 4 ಲಕ್ಷ ಖರ್ಚಾಗಿತ್ತು. ಮೇಸ್ತ್ರಿಗೆ ಪ್ರತಿ ಶನಿವಾರ ಸಂಜೆ ಬಟವಾಡೆ. ಅಮ್ಮ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಎಲ್ಲ ಬರೆದಿಟ್ಟಿದ್ದಾರೆ. ಗಾರೆಯವರು ಇಬ್ಬರು, ಹೆಣ್ಣಾಳು ಮೂವರು, ಮರಳು ಅರ್ಧ ಲೋಡು, ಸಿಮೆಂಟು ಇಪ್ಪತ್ತು ಚೀಲ, ಸೆಂಟ್ರಿಂಗ್ ಹಲಗೆ ಬಾಡಿಗೆ. ಕೆಲವು ಪುಟದಲ್ಲಿ ಮೇಸ್ತ್ರಿಯ ಸಹಿ ಕೂಡ ಇದೆ. ಒಟ್ಟು 14 ಪುಟ. ಆದರೆ ಅಂಗಡಿಯ ಬಿಲ್ಲು ಸಿಕ್ಕಿದ್ದು ನಾಲ್ಕೋ ಐದೋ. ಅದರಲ್ಲೂ ಒಂದೆರಡರ ಶಾಯಿ ಪೂರ್ತಿ ಹಾರಿಹೋಗಿದೆ, ಬಿಳಿ ಹಾಳೆ ಅಷ್ಟೇ. ಹಣ ಕೊಟ್ಟಿದ್ದು ಕೈಯಲ್ಲಿ. ಆಗ ಹಾಗೇ ಅಲ್ವಾ?

ಮನೆಗೆ ಹೊಸದಾಗಿ ಸೇರಿಸಿದ ಕೆಲಸದ ಖರ್ಚನ್ನು ಲಾಭದಲ್ಲಿ ಕಳೆಯಲು ಕಾನೂನು ಒಪ್ಪುತ್ತದೆ. ಸುಣ್ಣ ಬಣ್ಣ, ಸಣ್ಣಪುಟ್ಟ ರಿಪೇರಿಗೆ ಇಲ್ಲ, ಅದು ಸರಿಯೇ. ಆದರೆ ಬಿಲ್ಲಿಲ್ಲದ ಖರ್ಚು ತೋರಿಸಿದರೆ, ನಾಳೆ ನೋಟಿಸ್ ಬಂದಾಗ ನಿಲ್ಲಿಸುವುದು ಕಷ್ಟ, ಈ ವಯಸ್ಸಿನಲ್ಲಿ ಅವರಿಗೆ ಓಡಾಟ ಬೇಡ ಅಂದರು ಆಡಿಟರ್. ನಾವು ಬಿಟ್ಟೆವು. ಬಿಟ್ಟಿದ್ದರಿಂದ ಹೋಗಿದ್ದೆಷ್ಟು ಅಂತ ಆಮೇಲೆ ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ಆ 4 ಲಕ್ಷ 2011-12ರ ಸೂಚ್ಯಂಕ 184ರಿಂದ 2025-26ರ 376ಕ್ಕೆ ಏರಿಸಿದರೆ 8.17 ಲಕ್ಷ. ಅದನ್ನು ಸೇರಿಸಿದ್ದರೆ ಹಳೆಯ ಶೇ. 20ರ ಲೆಕ್ಕವೇ ಕಮ್ಮಿ ಬರುತ್ತಿತ್ತು, ಸುಮಾರು 8.38 ಲಕ್ಷ. ಅಂದರೆ ಸರ್ಚಾರ್ಜು, ಸೆಸ್ಸು ಬಿಟ್ಟು ಬರೀ ತೆರಿಗೆಯಲ್ಲೇ 1 ಲಕ್ಷ 37 ಸಾವಿರ ವ್ಯತ್ಯಾಸ. ಆ ರೂಮು ಇವತ್ತೂ ಅಲ್ಲಿ ನಿಂತಿದೆ. ಯಾರು ಬೇಕಾದರೂ ಹೋಗಿ ಅಳತೆ ಮಾಡಬಹುದು. 2011ರ ನಂತರದ ಕಂದಾಯ ರಸೀದಿಯಲ್ಲಿ ಚದರಡಿ ಜಾಸ್ತಿ ಆಗಿರುವುದೂ ಕಾಣುತ್ತದೆ. ನಿಮ್ಮ ಇಲಾಖೆಯಲ್ಲಿ ನೋಂದಾಯಿತ ಮೌಲ್ಯಮಾಪಕರಿದ್ದಾರೆ. 2001ಕ್ಕೆ ಮುಂಚೆ ಕೊಂಡ ಮನೆಗಳಿಗೆ 2001ರ ಬೆಲೆ ಕಟ್ಟಲು ಜನ ಅವರ ಹತ್ತಿರವೇ ಹೋಗುತ್ತಾರೆ. ಹಳೆಯ ಕಟ್ಟಡದ ಕೆಲಸಕ್ಕೂ ಅವರು ಕೊಟ್ಟ ಅಂದಾಜು, ಜೊತೆಗೆ ಕಂದಾಯ ದಾಖಲೆ ಇದ್ದರೆ ಸಾಕು ಅಂತ ಮಂಡಳಿ ಒಂದು ಸುತ್ತೋಲೆ ಹೊರಡಿಸಲಿ. ಅಮ್ಮನಂಥ ಎಷ್ಟೋ ಜನರ ಎದೆಯ ಭಾರ ಇಳಿಯುತ್ತದೆ.

ಈಗ ನನ್ನ ಮುಖ್ಯ ಬೇಡಿಕೆಗೆ ಬರುತ್ತೇನೆ. ವಾಸವಿದ್ದ ವರ್ಷಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಇದು ಎಲ್ಲೂ ಇಲ್ಲದ ವಿಷಯ ಅಲ್ಲ. ಬ್ರಿಟನ್ನಿನಲ್ಲಿ ಮಾಲೀಕರು ತಾವೇ ಮುಖ್ಯ ಮನೆಯಾಗಿ ವಾಸವಿದ್ದ ಅವಧಿಯ ಪಾಲಿನ ಲಾಭಕ್ಕೆ ತೆರಿಗೆ ಇಲ್ಲ, ಕೊನೆಯ 9 ತಿಂಗಳು ಅಲ್ಲಿ ಇರದಿದ್ದರೂ ಅದನ್ನು ವಾಸ ಅಂತಲೇ ಹಿಡಿಯುತ್ತಾರೆ. ಬಾಡಿಗೆಗೆ ಬಿಟ್ಟ ಉಳಿದ ಅವಧಿಯ ಪಾಲಿಗೆ ತೆರಿಗೆ ಕಟ್ಟಬೇಕು. ಆಸ್ಟ್ರೇಲಿಯಾದಲ್ಲಿ ಸ್ವಂತ ವಾಸದ ಮನೆಯನ್ನು ಬಿಟ್ಟು ಹೋಗಿ ಬಾಡಿಗೆಗೆ ಕೊಟ್ಟರೂ, ಬೇರೆ ಯಾವುದನ್ನೂ ಮುಖ್ಯ ಮನೆ ಅಂತ ಹೇಳಿಕೊಳ್ಳದಿದ್ದರೆ, 6 ವರ್ಷದವರೆಗೆ ಅದನ್ನೇ ಮುಖ್ಯ ಮನೆ ಅಂತ ಉಳಿಸಿಕೊಳ್ಳಬಹುದು. ಅಮೆರಿಕದಲ್ಲಿ ಮಾರುವ ಮುಂಚಿನ 5 ವರ್ಷಗಳಲ್ಲಿ 2 ವರ್ಷ ವಾಸವಿದ್ದವರಿಗೆ 2,50,000 ಡಾಲರ್‌ವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಗಂಡ ಹೆಂಡತಿ ಸೇರಿ ರಿಟರ್ನ್ ಸಲ್ಲಿಸಿದರೆ 5,00,000 ಡಾಲರ್. ಆ ಅಮೆರಿಕದ ನಿಯಮ ಇಲ್ಲಿ ಇದ್ದಿದ್ದರೂ 7 ವರ್ಷ ಬಾಡಿಗೆಗೆ ಬಿಟ್ಟ ನಮ್ಮ ಅಮ್ಮನಿಗೆ ಉಪಯೋಗ ಆಗುತ್ತಿರಲಿಲ್ಲ, ಅದೂ ಗೊತ್ತು. ಅದಕ್ಕೇ ನನಗೆ ನ್ಯಾಯ ಅನ್ನಿಸಿದ್ದು ಬ್ರಿಟನ್ನಿನ ರೀತಿ. ಇದ್ದಷ್ಟು ವರ್ಷಕ್ಕೆ ಬಿಡಿ, ಬಾಡಿಗೆ ತಿಂದಷ್ಟು ವರ್ಷಕ್ಕೆ ತೆರಿಗೆ ಹಾಕಿ.

ಅಮ್ಮನ ಲೆಕ್ಕಕ್ಕೆ ಹಾಕಿ ನೋಡಿ. 21 ವರ್ಷದಲ್ಲಿ 14 ವರ್ಷ ವಾಸ, 7 ವರ್ಷ ಬಾಡಿಗೆ. 78 ಲಕ್ಷದಲ್ಲಿ ಮೂರನೇ ಒಂದು ಪಾಲು, 26 ಲಕ್ಷಕ್ಕೆ ಮಾತ್ರ ತೆರಿಗೆ. ಶೇ. 12.5ರಂತೆ 3.25 ಲಕ್ಷ, ಸೆಸ್ ಸೇರಿ 3.38 ಲಕ್ಷ. ಆದಾಯ 50 ಲಕ್ಷ ದಾಟದ ಕಾರಣ ಸರ್ಚಾರ್ಜ್ ಇಲ್ಲ. ಇಷ್ಟು ಕಟ್ಟಿ ಅಂದಿದ್ದರೆ ಅಮ್ಮ ಆವತ್ತೇ ಕಟ್ಟಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು. ತೆರಿಗೆಯೇ ಬೇಡ ಅಂತ ಅವರೂ ಹೇಳಿಲ್ಲ, ನಾನೂ ಹೇಳುತ್ತಿಲ್ಲ. ಬಾಡಿಗೆಯನ್ನು ಒಂದು ವರ್ಷವೂ ಬಿಡದೆ ರಿಟರ್ನ್‌ನಲ್ಲಿ ತೋರಿಸಿದ್ದಾರೆ, ಕಂದಾಯ ಕಳೆದು, ಕಾನೂನು ಒಪ್ಪುವ ಶೇ. 30 ಕಳೆದು, ಉಳಿದಿದ್ದನ್ನು ಆದಾಯಕ್ಕೆ ಸೇರಿಸಿದ್ದಾರೆ.

ಯಾರು ಎಷ್ಟು ವರ್ಷ ವಾಸವಿದ್ದರು ಅಂತ ಪತ್ತೆ ಮಾಡುವುದು ಹೇಗೆ, ಸುಳ್ಳು ಹೇಳಿದರೆ ಅಂತ ಅಧಿಕಾರಿಗಳು ಆಕ್ಷೇಪ ಎತ್ತಬಹುದು. ನ್ಯಾಯವಾದ ಪ್ರಶ್ನೆ. ಆದರೆ ಉತ್ತರ ನಿಮ್ಮ ಕಂಪ್ಯೂಟರಿನಲ್ಲೇ ಇದೆ. ರಿಟರ್ನ್ ಸಲ್ಲಿಸುವಾಗ ಮನೆಯ ವಿವರದಲ್ಲಿ ಸ್ವಂತ ವಾಸವೋ ಬಾಡಿಗೆಗೆ ಕೊಟ್ಟಿದ್ದೋ ಅಂತ ಗುರುತು ಹಾಕುತ್ತೇವಲ್ಲ. ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ 2 ಲಕ್ಷದ ಮಿತಿ ಹಾಕುವಾಗ ಆ ಗುರುತನ್ನು ನಂಬುತ್ತೀರಿ. ಮಾರುವಾಗಲೂ ಅದನ್ನೇ ನಂಬಿ. ರಿಟರ್ನ್ ಸಲ್ಲಿಸದಿದ್ದ ವರ್ಷಗಳಿಗೆ ಮತದಾರರ ಪಟ್ಟಿ ಇದೆ, ಪಡಿತರ ಚೀಟಿ ಇದೆ, ಗ್ಯಾಸ್ ಪುಸ್ತಕ ಇದೆ, ಕರೆಂಟ್ ಬಿಲ್ ಇದೆ. ದುರುಪಯೋಗ ಆಗಬಾರದು ಅಂದರೆ ಒಬ್ಬರಿಗೆ ಒಂದೇ ಮನೆ, ಇಷ್ಟು ಮೊತ್ತದವರೆಗೆ ಮಾತ್ರ ಅಂತ ಮಿತಿ ಹಾಕಿ. ಸೆಕ್ಷನ್ 54ಕ್ಕೆ 2023ರ ಬಜೆಟ್‌ನಲ್ಲಿ 10 ಕೋಟಿಯ ಮಿತಿ ಹಾಕಿದ್ದೀರಿ. 10 ಕೋಟಿಯ ಬಂಗಲೆ ಕೊಳ್ಳುವವರಿಗೆ ಪೂರ್ತಿ ಬಿಡಲು ಆಗುತ್ತದೆ ಅಂದಮೇಲೆ, ಬದುಕಿಗೊಂದೇ ಮನೆ ಮಾರಿ ಆಸ್ಪತ್ರೆ ಖರ್ಚು ನೋಡಿಕೊಳ್ಳುವವರಿಗೆ 50 ಲಕ್ಷ ಬಿಡಲು ಆಗಲ್ವಾ?

2024ರ ಜುಲೈ 23ರ ಬಜೆಟ್ ನೆನಪಿದೆ. ಇಂಡೆಕ್ಸೇಶನ್, ಅಂದರೆ ಹಣದುಬ್ಬರದ ಲೆಕ್ಕ, ತೆಗೆದಾಗ ಜನ ತುಂಬಾ ಗಾಬರಿಯಾದರು, ನಾವೂ ಆದೆವು. ಎರಡು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರಂದು, ಲೋಕಸಭೆಯಲ್ಲಿ ತಿದ್ದುಪಡಿ ತಂದು ಹಳೆಯ ಮನೆಗಳಿಗೆ ಎರಡೂ ಲೆಕ್ಕದ ಆಯ್ಕೆ ಕೊಟ್ಟಿರಿ. ಜನರ ಮಾತು ಕೇಳಿ ಕಾನೂನು ತಿದ್ದಿದ್ದಕ್ಕೆ ಮನಸ್ಸಿನಿಂದ ಧನ್ಯವಾದ. ಈ ಪತ್ರ ಬರೆಯುವ ಧೈರ್ಯ ಬಂದಿದ್ದೂ ಅದರಿಂದಲೇ.

ಆದರೆ 2024ರ ಜುಲೈ 23ರಿಂದ ಈಚೆಗೆ ಮನೆ ಕೊಂಡವರಿಗೆ ಆ ಆಯ್ಕೆ ಇಲ್ಲ. ಅವರಿಗೆ ಮುಂದೆ ಏನಾಗುತ್ತದೆ ಅಂತ ಹಿಂದಿನ ಅಂಕಿಯಿಂದಲೇ ಅಂದಾಜು ಮಾಡಬಹುದು. 2010-11ರಲ್ಲಿ 50 ಲಕ್ಷಕ್ಕೆ ಕೊಂಡ ಮನೆ 2025-26ರಲ್ಲಿ ಸುಮಾರು 1 ಕೋಟಿ 12.5 ಲಕ್ಷಕ್ಕೆ ಮಾರಿದರೆ, ಸೂಚ್ಯಂಕ 167ರಿಂದ 376ಕ್ಕೆ ಏರಿರುವ ಕಾರಣ, ಸರ್ಕಾರದ ಲೆಕ್ಕದಲ್ಲೇ ಅವರಿಗೆ ನಿಜವಾದ ಲಾಭ ಸೊನ್ನೆ. ಹಳೆಯ ಲೆಕ್ಕದಲ್ಲಿ ತೆರಿಗೆಯೂ ಸೊನ್ನೆ. ಹೊಸ ಲೆಕ್ಕ ಒಂದೇ ಇದ್ದಿದ್ದರೆ 7.8 ಲಕ್ಷ. ಇವತ್ತು ಸಾಲ ಮಾಡಿ ಮೊದಲ ಮನೆ ಕೊಳ್ಳುತ್ತಿರುವ ಹುಡುಗ ಹುಡುಗಿಯರಿಗೆ ಇದು ಹದಿನೈದು ಇಪ್ಪತ್ತು ವರ್ಷದ ಆಮೇಲೆ ಗೊತ್ತಾಗುತ್ತದೆ. ಕನಿಷ್ಠ ಸ್ವಂತ ವಾಸದ ಮನೆಗಾದರೂ ಹಣದುಬ್ಬರದ ಲೆಕ್ಕ ವಾಪಸ್ ತನ್ನಿ. ವಿದೇಶಕ್ಕೆ ದುಡಿಯಲು ಹೋಗಿ, ಇಲ್ಲಿ ತಾವಿದ್ದ ಮನೆಯನ್ನು ಬಾಡಿಗೆಗೆ ಕೊಟ್ಟಿರುವ ಅನಿವಾಸಿಗಳಿಗೂ ಆ ಆಯ್ಕೆ ಇಲ್ಲ. ಅವರ ಅಹವಾಲೂ ಕೇಳಿ.

2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅಂತ ಆಯಿತು. ಭಾಷೆ ಸರಳ ಆಗಿದೆ, ಸೆಕ್ಷನ್ನುಗಳು ಕಮ್ಮಿ ಆಗಿವೆ, ಒಳ್ಳೆಯದು. ಆದರೆ ಮನೆ ಮಾರುವವರ ಪಾಲಿಗೆ ಒಳಗಿನ ಲೆಕ್ಕ ಹಾಗೇ ಉಳಿದಿದೆ. ಮುಂದಿನ ಬಜೆಟ್‌ಗೆ ಮುಂಚೆ ಉದ್ಯಮದವರನ್ನು, ರೈತರನ್ನು, ಅರ್ಥಶಾಸ್ತ್ರಜ್ಞರನ್ನು ಕರೆದು ಮಾತಾಡುತ್ತೀರಿ. ಆ ಮೇಜಿನಲ್ಲಿ ಮನೆ ಮಾರಿದ ನಾಲ್ಕು ಜನ ಹಿರಿಯರನ್ನೂ ಕೂರಿಸಿ. ಒಂದು ಗಂಟೆ ಸಾಕು. ಬಾಂಡ್ ಅರ್ಜಿಯನ್ನು ಯಾಕೆ ವಾಪಸ್ ಕೊಟ್ಟರು, ಬಿಲ್ಲುಗಳು ಯಾಕೆ ಇಲ್ಲ, ಇನ್ನೊಂದು ಫ್ಲಾಟ್ ಯಾಕೆ ಬೇಡ ಅಂತ ಅವರೇ ಹೇಳುತ್ತಾರೆ.

ಅಮ್ಮನ ರಿಟರ್ನ್ ಜುಲೈ 31ರೊಳಗೆ ಸಲ್ಲಿಸುತ್ತೇವೆ. ಟಿಡಿಎಸ್ 90,000 ಕಳೆದು ಉಳಿದ 10,25,400 ರೂಪಾಯಿಯನ್ನೂ, ಪಿಂಚಣಿ ಬಡ್ಡಿಯ ಮೇಲೆ ಬರುವ ತೆರಿಗೆಯನ್ನೂ ಪೂರ್ತಿ ಕಟ್ಟುತ್ತೇವೆ. ಅಮ್ಮನಿಗೆ ಬಾಕಿ ಇಟ್ಟುಕೊಂಡು ಅಭ್ಯಾಸ ಇಲ್ಲ. ಮುಂದೆ ಕಾನೂನು ಬದಲಾದರೂ ಅವರಿಗೆ ಈ ಹಣ ವಾಪಸ್ ಬರುವುದಿಲ್ಲ ಅಂತ ನನಗೆ ಗೊತ್ತು, ಅವರಿಗೂ ಹೇಳಿದ್ದೇನೆ. "ಬರೆದು ಕಳಿಸು, ಮುಂದಿನವರಿಗಾದರೂ ಆಗಲಿ" ಅಂದರು. ಆ ಲೆಕ್ಕದ ಪುಸ್ತಕದ 14 ಪುಟವನ್ನೂ ಜೆರಾಕ್ಸ್ ಮಾಡಿಸಿ, ಈ ಪತ್ರದ ಜೊತೆ ನಿಮ್ಮ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ಒಂದು ಸಲ ತೆರೆದು ನೋಡಿ.

ಇಂತಿ ನಮಸ್ಕಾರಗಳೊಂದಿಗೆ,
ಮನೆ ಮಾರಿದ ಒಬ್ಬ ತಾಯಿಯ ಮಗ